ಡ್ಯೂಯಿ ಏಕೆ ಮರಳಲಿಲ್ಲ: ಒಂದು ಅಮೆರಿಕನ್ ಸಿಟ್‌ಕಾಂ, ಅದರ ನಟರು ಮತ್ತು ಬಾಲ್ಯದ ದುಡಿಮೆ

2006ರ ಮೇ ತಿಂಗಳಲ್ಲಿ ಮುಗಿದಿದ್ದ ‘ಮಾಲ್ಕಮ್ ಇನ್ ದಿ ಮಿಡಲ್’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿ ಇಪ್ಪತ್ತು ವರ್ಷಗಳ ಬಳಿಕ, 2026ರ ಏಪ್ರಿಲ್‌ನಲ್ಲಿ, ನಾಲ್ಕು ಸಂಚಿಕೆಗಳ ಕಿರು ಸರಣಿಯಾಗಿ ಹುಲು ಮತ್ತು ಡಿಸ್ನಿ ಪ್ಲಸ್ ವೇದಿಕೆಗಳಿಗೆ ಮರಳಿದೆ. ತಂದೆ ಹ್ಯಾಲ್ ಆಗಿದ್ದ ಬ್ರಯಾನ್ ಕ್ರಾನ್ಸ್ಟನ್, ತಾಯಿ ಲೋಯಿಸ್ ಆಗಿದ್ದ ಜೇನ್ ಕಾಜ್ಮರೆಕ್, ಮಾಲ್ಕಮ್ ಆಗಿದ್ದ ಫ್ರ್ಯಾಂಕಿ ಮ್ಯೂನಿಜ್, ಅಣ್ಣಂದಿರಾದ ರೀಸ್ ಮತ್ತು ಫ್ರಾನ್ಸಿಸ್ ಪಾತ್ರಗಳ ಜಸ್ಟಿನ್ ಬರ್ಫೀಲ್ಡ್ ಹಾಗೂ ಕ್ರಿಸ್ಟೋಫರ್ ಮಾಸ್ಟರ್ಸನ್ ಎಲ್ಲರೂ ತಮ್ಮ ಹಳೆಯ ಪಾತ್ರಗಳಿಗೆ ಹಿಂದಿರುಗಿದ್ದಾರೆ. ಮಾಲ್ಕಮ್‌ನ ತಮ್ಮನಾದ ಡ್ಯೂಯಿಯ ಪಾತ್ರದಲ್ಲಿ ಮಾತ್ರ ಕೇಲೆಬ್ ಎಲ್ಸ್‌ವರ್ತ್-ಕ್ಲಾರ್ಕ್ ಎಂಬ ಬೇರೊಬ್ಬ ನಟರಿದ್ದಾರೆ. ಎಂಟರ ವಯಸ್ಸಿನಿಂದ ಹದಿನಾಲ್ಕರವರೆಗೆ ಆ ಪಾತ್ರವನ್ನು ಮಾಡಿದ್ದ ಎರಿಕ್ ಪರ್ ಸಲಿವನ್ ಆಹ್ವಾನವನ್ನು ಒಪ್ಪಿಕೊಳ್ಳಲಿಲ್ಲ.

ಈ ಸುದ್ದಿ ಹೊರಬಿದ್ದಂದಿನಿಂದ ಅಭಿಮಾನಿಗಳೂ ಮನರಂಜನಾ ಪತ್ರಿಕೆಗಳೂ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದಿವೆ: ಆ ಹುಡುಗನಿಗೆ ಏನಾಯಿತು? ಹಣ, ಹೆಸರು, ಹಳೆಯ ಸಂಗಾತಿಗಳು ಎಲ್ಲವೂ ಕಾದಿರುವಾಗ ಒಬ್ಬನು ಬೇಡವೆಂದರೆ ಅದರ ಹಿಂದೆ ಏನೋ ದುರಂತವಿರಬೇಕು ಎಂಬ ಊಹೆ ಈ ಪ್ರಶ್ನೆಯ ಒಳಗೇ ಇದೆ. ನನಗೆ ಇದು ತಪ್ಪು ಪ್ರಶ್ನೆಯೆನಿಸುತ್ತದೆ. ಒಂದೇ ಧಾರಾವಾಹಿಯಲ್ಲಿ ಏಳು ಸರಣಿಗಳ (ಸೀಸನ್‌ಗಳ) ಕಾಲ ಒಟ್ಟಿಗೆ ದುಡಿದ ಈ ಆರು ಮಂದಿಯ ಮುಂದಿನ ಬದುಕನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಯಾರು ಗೆದ್ದರು ಯಾರು ಸೋತರು ಎನ್ನುವುದಕ್ಕಿಂತ ಮುಖ್ಯವಾದ ಸಂಗತಿಯೊಂದು ಕಾಣುತ್ತದೆ. ಈ ಕೆಲಸಕ್ಕೆ ಯಾರು ತಾವಾಗಿ ಬಂದರು, ಯಾರನ್ನು ಕರೆತರಲಾಯಿತು, ಕರೆತಂದವರಿಗೆ ಹೊರಗೆ ಹೋಗುವ ದಾರಿ ಎಷ್ಟಿತ್ತು ಎಂಬುದೇ ಆ ಸಂಗತಿ. ಅಮೆರಿಕದ ಟೆಲಿವಿಷನ್ ಉದ್ಯಮ ಹಳೆಯ ಕೌಟುಂಬಿಕ ಹಾಸ್ಯ ಧಾರಾವಾಹಿಗಳನ್ನು ಒಂದೊಂದಾಗಿ ಎಬ್ಬಿಸಿ ತರುತ್ತಿರುವ ಈ ಕಾಲದಲ್ಲಿ ಇದನ್ನು ವಿವರವಾಗಿ ನೋಡಬೇಕಾಗಿದೆ.

‘ಮಾಲ್ಕಮ್’ 2000ದ ಜನವರಿ 9ರಂದು ಫಾಕ್ಸ್ ವಾಹಿನಿಯಲ್ಲಿ ಆರಂಭವಾಯಿತು. ಮೊದಲ ಸಂಚಿಕೆಯನ್ನೇ ಎರಡು ಕೋಟಿಗೂ ಹೆಚ್ಚು ಜನ ನೋಡಿದರು. ಆ ಕಾಲದ ಬಹುತೇಕ ಹಾಸ್ಯ ಧಾರಾವಾಹಿಗಳನ್ನು ಸ್ಟುಡಿಯೋದ ಒಳಗೆ, ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಮೂರ್ನಾಲ್ಕು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರೀಕರಿಸುತ್ತಿದ್ದರು. ನಗೆಯ ಸದ್ದು ಹಿನ್ನೆಲೆಯಲ್ಲಿ ಕೇಳಿಸುತ್ತಿತ್ತು, ಸೋಫಾ ಇರುವ ಒಂದು ಹಜಾರ ಕಥೆಯ ಕೇಂದ್ರವಾಗಿರುತ್ತಿತ್ತು. ‘ಮಾಲ್ಕಮ್’ ಅದನ್ನೆಲ್ಲ ಬಿಟ್ಟು, ಸಿನಿಮಾದಂತೆ ಒಂದೇ ಕ್ಯಾಮೆರಾದಲ್ಲಿ, ನಗೆಯ ಸದ್ದಿಲ್ಲದೆ, ವೇಗವಾದ ಸಂಕಲನದೊಂದಿಗೆ ಮೂಡಿಬಂತು. ಅಂಗಳ ಒಣಗಿದ, ಬಟ್ಟೆಗಳು ರಾಶಿ ಬಿದ್ದ, ತಿಂಗಳ ಕೊನೆಯಲ್ಲಿ ಹಣ ಸಾಲದ ಮನೆಯೊಂದರಲ್ಲಿ ನಾಲ್ವರು ಗಂಡುಮಕ್ಕಳನ್ನು ಸಾಕುವ ದಂಪತಿಯ ಕಥೆ ಅದು. ಬುದ್ಧಿವಂತ ಮಕ್ಕಳ ವಿಶೇಷ ತರಗತಿಗೆ ಆಯ್ಕೆಯಾದ ಮಾಲ್ಕಮ್ ಆಗಾಗ ಕ್ಯಾಮೆರಾದತ್ತ ತಿರುಗಿ ನೋಡುಗರೊಂದಿಗೆ ನೇರವಾಗಿ ಮಾತನಾಡುತ್ತಾನೆ. ಸೃಷ್ಟಿಕರ್ತ ಲಿನ್ವುಡ್ ಬೂಮರ್ ತಮ್ಮದೇ ಬಾಲ್ಯದಿಂದ ಈ ಮನೆಯನ್ನು ಕಟ್ಟಿದರು. ಅವರೂ ಒಂದು ಕಾಲಕ್ಕೆ ನಟರಾಗಿದ್ದವರು: ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ ಧಾರಾವಾಹಿಯಲ್ಲಿ ದೃಷ್ಟಿಯಿಲ್ಲದ ಶಿಕ್ಷಕನ ಪಾತ್ರ ಮಾಡಿ, ಆಮೇಲೆ ನಟನೆಯನ್ನು ಬಿಟ್ಟು ಬರವಣಿಗೆಗೆ ಹೋದರು.

ಧಾರಾವಾಹಿಯ ಈ ರೂಪ ನಟರಿಂದ ಬೇರೆಯದನ್ನೇ ಬೇಡುತ್ತಿತ್ತು. ಎದುರಿಗೆ ಪ್ರೇಕ್ಷಕರಿಲ್ಲದ ಕಾರಣ ನಗು ಎಲ್ಲಿ ಬರಬೇಕೆಂಬುದನ್ನು ನಟರೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳಬೇಕು. ಅದೇ ದೃಶ್ಯವನ್ನು ಹಲವು ಕೋನಗಳಿಂದ ಮತ್ತೆ ಮತ್ತೆ ಮಾಡಬೇಕು. ಹೊರಾಂಗಣದ ಓಡಾಟವೂ ಹೆಚ್ಚು. ಮೊದಲ ಸರಣಿಯಲ್ಲಿ 16, ಎರಡನೆಯದರಲ್ಲಿ 25, ಆಮೇಲೆ ಪ್ರತಿ ವರ್ಷ 22ರಂತೆ ಒಟ್ಟು 151 ಸಂಚಿಕೆಗಳು ತಯಾರಾದವು. ಅಂದರೆ ಆಗಸ್ಟ್‌ನಿಂದ ವಸಂತಕಾಲದವರೆಗೆ ವರ್ಷದ ಹೆಚ್ಚಿನ ಭಾಗ ಚಿತ್ರೀಕರಣದಲ್ಲೇ ಕಳೆಯುತ್ತಿತ್ತು. ದೊಡ್ಡವರಿಗೆ ಇದು ಅಭಿನಯದ ಬಹುದೊಡ್ಡ ಶಾಲೆಯಾಯಿತು. ಮಕ್ಕಳಿಗೆ ಇದು ಬಾಲ್ಯವೇ ಆಗಿತ್ತು.

ಆ ಶಾಲೆಯಿಂದ ಅತಿ ಹೆಚ್ಚು ಪಡೆದುಕೊಂಡವರು ಕ್ರಾನ್ಸ್ಟನ್. ಧಾರಾವಾಹಿ ಆರಂಭವಾದಾಗ ಅವರಿಗೆ 43 ವರ್ಷ. ಅವರ ತಂದೆಯೂ ನಟರಾಗಿದ್ದು, ಆ ವೃತ್ತಿಯ ಅನಿಶ್ಚಿತತೆಯನ್ನು ಮನೆಯಲ್ಲೇ ಕಂಡು ಬೆಳೆದವರು ಅವರು. ‘ಲವಿಂಗ್’ ಎಂಬ ಹಗಲು ಧಾರಾವಾಹಿ, ಜಾಹೀರಾತುಗಳು, ‘ಸೈನ್‌ಫೆಲ್ಡ್’ನಲ್ಲಿ ದಂತವೈದ್ಯನ ಸಣ್ಣ ಪಾತ್ರ, ಹೀಗೆ ಸುಮಾರು ಎರಡು ದಶಕ ಸಿಕ್ಕಿದ್ದನ್ನು ಮಾಡುತ್ತ ಬಂದಿದ್ದರು. ಆರಂಭದ ಕಥೆಯಲ್ಲಿ ಹ್ಯಾಲ್‌ನದು ಮುಖ್ಯ ಪಾತ್ರವಾಗಿರಲಿಲ್ಲ. ಮನೆಯನ್ನು ನಡೆಸುವವಳು ಲೋಯಿಸ್. ಕ್ರಾನ್ಸ್ಟನ್ ಆ ಪಾತ್ರವನ್ನು ಕಟ್ಟಿದ ಬಗೆ ಅಭ್ಯಾಸಯೋಗ್ಯವಾದುದು. ಹೆಂಡತಿಯ ಪ್ರತಿಯೊಂದು ಗುಣಕ್ಕೂ ಎದುರಾದುದನ್ನು ಅವರು ಹ್ಯಾಲ್‌ಗೆ ಕೊಟ್ಟರು. ಅವಳು ನಿರ್ಭಯಳಾದರೆ ಇವನು ಭಯಸ್ಥ, ಅವಳು ಸದಾ ಎಚ್ಚರವಿದ್ದರೆ ಇವನು ಯಾವುದೋ ಗುಂಗಿನಲ್ಲಿ ಮುಳುಗಿರುವವನು. ಮೈಗೆ ಅಂಟುವ ಉಡುಪಿನಲ್ಲಿ ರೋಲರ್ ಸ್ಕೇಟ್ ಮೇಲೆ ಕುಣಿಯುವ ದೃಶ್ಯವಿರಲಿ, ಜೀವಂತ ಜೇನುನೊಣಗಳನ್ನು ಮೈತುಂಬ ಕೂರಿಸಿಕೊಂಡ ದೃಶ್ಯವಿರಲಿ, ದೇಹವನ್ನು ಪೂರ್ತಿಯಾಗಿ ಒಪ್ಪಿಸುವ ಆ ಹಾಸ್ಯದ ತಳದಲ್ಲಿ ಸೋತುಹೋದ ಮಧ್ಯವಯಸ್ಕನ ಆತಂಕವೊಂದು ನಿಜವಾಗಿ ಇತ್ತು. ಈ ಧಾರಾವಾಹಿಯ ಹಲವು ಸಂಚಿಕೆಗಳನ್ನು ಅವರೇ ನಿರ್ದೇಶಿಸಿದರು ಕೂಡ.

ಹಾಗಿದ್ದರೂ ಆ ಪಾತ್ರ ಅವರನ್ನು ಕಟ್ಟಿಹಾಕುವ ಸಾಧ್ಯತೆ ನಿಜವಾಗಿಯೇ ಇತ್ತು. ವಿನ್ಸ್ ಗಿಲಿಗನ್ ತಾವು ಸೃಷ್ಟಿಸಿದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ವಾಲ್ಟರ್ ವೈಟ್ ಪಾತ್ರಕ್ಕೆ ಕ್ರಾನ್ಸ್ಟನ್ ಅವರ ಹೆಸರನ್ನು ಮುಂದಿಟ್ಟಾಗ, ಎಎಂಸಿ ವಾಹಿನಿಯವರು ಮಾಲ್ಕಮ್‌ನ ತಂದೆಯನ್ನು ಮಾದಕವಸ್ತು ತಯಾರಕನಾಗಿ ಕಲ್ಪಿಸಿಕೊಳ್ಳಲು ಹಿಂಜರಿದರು. 1998ರಲ್ಲಿ ‘ಎಕ್ಸ್ ಫೈಲ್ಸ್’ನ ಒಂದು ಸಂಚಿಕೆಯಲ್ಲಿ ಕ್ರಾನ್ಸ್ಟನ್ ಮಾಡಿದ್ದ ಪಾತ್ರವನ್ನು ಗಿಲಿಗನ್ ವಾಹಿನಿಯವರಿಗೆ ತೋರಿಸಿದ ಮೇಲೆಯೇ ಒಪ್ಪಿಗೆ ಸಿಕ್ಕಿತು. ಆ ಸಂಚಿಕೆಯ ಕಥೆಯನ್ನು ಬರೆದವರು ಸ್ವತಃ ಗಿಲಿಗನ್. ಮುಂದೆ ನಡೆದುದು ಎಲ್ಲರಿಗೂ ಗೊತ್ತಿದೆ: 2008ರಿಂದ 2013ರವರೆಗೆ 62 ಸಂಚಿಕೆಗಳು, ಅದೇ ಪಾತ್ರಕ್ಕೆ ಟೆಲಿವಿಷನ್‌ನ ನಾಲ್ಕು ಎಮ್ಮಿ ಪ್ರಶಸ್ತಿಗಳು, ರಂಗಭೂಮಿಯಲ್ಲಿ 2014 ಮತ್ತು 2019ರಲ್ಲಿ ಎರಡು ಟೋನಿ ಪ್ರಶಸ್ತಿಗಳು, ‘ಟ್ರಂಬೊ’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ. ಆದರೆ ‘ಮಾಲ್ಕಮ್’ಗೆ ಎಂಟನೆಯ ಸರಣಿ ಸಿಕ್ಕಿದ್ದರೆ ವಾಲ್ಟರ್ ವೈಟ್ ಪಾತ್ರ ಬೇರೆ ಯಾರದೋ ಆಗುತ್ತಿತ್ತು ಎಂದು ಕ್ರಾನ್ಸ್ಟನ್ ಹಲವು ಬಾರಿ ಹೇಳಿಕೊಂಡಿದ್ದಾರೆ. ಐವತ್ತರ ಹೊಸ್ತಿಲಿನಲ್ಲಿ ಒಂದು ಧಾರಾವಾಹಿ ನಿಂತುಹೋದುದು ಅವರ ಪಾಲಿಗೆ ಬಿಡುಗಡೆಯಾಯಿತು. ಮರುಪ್ರವೇಶಕ್ಕೆ ಅತಿ ಹೆಚ್ಚು ಉತ್ಸಾಹ ತೋರಿ ಓಡಾಡಿದವರೂ ಅವರೇ. ಮರಳುವುದರಿಂದ ಅವರು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಜೇನ್ ಕಾಜ್ಮರೆಕ್ ಅವರ ಕಥೆ ಇಷ್ಟು ಹೊಳೆಯುವುದಿಲ್ಲ, ಮತ್ತು ಅದಕ್ಕೆ ಅವರು ಕಾರಣರಲ್ಲ. ಯೇಲ್ ನಾಟಕ ಶಾಲೆಯಲ್ಲಿ ಕಲಿತ ಅವರು ಲೋಯಿಸ್ ಪಾತ್ರಕ್ಕೆ 2000ದಿಂದ 2006ರವರೆಗೆ ಸತತ ಏಳು ಬಾರಿ ಎಮ್ಮಿಗೆ ನಾಮನಿರ್ದೇಶಿತರಾದರು, ಒಮ್ಮೆಯೂ ಪ್ರಶಸ್ತಿ ಪಡೆಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಧಾರಾವಾಹಿಯ ಬೆನ್ನೆಲುಬು ಅವರ ಅಭಿನಯ. ಅಂಗಡಿಯೊಂದರಲ್ಲಿ ಕೆಲಸ ಮಾಡಿ, ಮನೆಗೆ ಬಂದು ಗದರಿ, ಲೆಕ್ಕ ಹಾಕಿ, ಮಕ್ಕಳನ್ನು ದಾರಿಗೆ ತರುವ ಆ ತಾಯಿಯ ಸಿಟ್ಟಿಗೆ ಅವರು ಎಂದೂ ಕ್ಷಮೆ ಕೇಳುವ ಧಾಟಿಯನ್ನು ಬೆರೆಸಲಿಲ್ಲ. ಧಾರಾವಾಹಿ ಮುಗಿದಾಗ ಅವರಿಗೂ ಕ್ರಾನ್ಸ್ಟನ್‌ಗೂ ಸುಮಾರು ಒಂದೇ ವಯಸ್ಸು. ಐವತ್ತು ದಾಟಿದ ಗಂಡಸಿಗೆ ಸಿಕ್ಕಂತಹ ಪಾತ್ರ ಐವತ್ತು ದಾಟಿದ ಹೆಂಗಸಿಗೆ ಅಮೆರಿಕದ ಟೆಲಿವಿಷನ್‌ನಲ್ಲಿ ಆಗ ಬರೆಯಲ್ಪಡುತ್ತಿರಲಿಲ್ಲ. ಅವರು ಒಂದೆರಡು ಅಲ್ಪಾಯುಷಿ ಧಾರಾವಾಹಿಗಳ ನಂತರ ರಂಗಭೂಮಿಯತ್ತ ಹೆಚ್ಚು ಒಲಿದರು. 2017ರಲ್ಲಿ ಲಾಸ್ ಏಂಜಲೀಸ್‌ನ ಗೆಫೆನ್ ಪ್ಲೇಹೌಸ್‌ನಲ್ಲಿ ಯೂಜೀನ್ ಓನೀಲ್‌ರ ‘ಲಾಂಗ್ ಡೇಸ್ ಜರ್ನಿ ಇಂಟು ನೈಟ್’ ನಾಟಕದ ತಾಯಿಯ ಪಾತ್ರ ಮಾಡಿದರು. ಅಜ್ಜಿಯ ಪಾತ್ರದ ಕ್ಲೋರಿಸ್ ಲೀಚ್‌ಮನ್ ಈ ಧಾರಾವಾಹಿಗಾಗಿ 2002 ಮತ್ತು 2006ರಲ್ಲಿ ಎರಡು ಎಮ್ಮಿಗಳನ್ನು ಪಡೆದರು ಎಂಬುದನ್ನೂ ಇಲ್ಲಿ ಹೇಳಬೇಕು.

ಮಕ್ಕಳ ವಿಷಯಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ಫ್ರ್ಯಾಂಕಿ ಮ್ಯೂನಿಜ್ ಹದಿನಾಲ್ಕರ ವಯಸ್ಸಿನಲ್ಲಿ ದೇಶವೆಲ್ಲ ಗುರುತಿಸುವ ಮುಖವಾದರು. 2001ರಲ್ಲಿ ಎಮ್ಮಿ ನಾಮನಿರ್ದೇಶನ, ‘ಬಿಗ್ ಫ್ಯಾಟ್ ಲೈಯರ್’, ‘ಏಜೆಂಟ್ ಕೋಡಿ ಬ್ಯಾಂಕ್ಸ್’ನಂತಹ ಚಿತ್ರಗಳು, ಧಾರಾವಾಹಿಯ ಬಿಡುವಿನಲ್ಲೂ ಬಿಡುವಿಲ್ಲದ ಕೆಲಸ. ಇಪ್ಪತ್ತರ ವಯಸ್ಸಿಗೆ ಧಾರಾವಾಹಿ ಮುಗಿದ ಕೂಡಲೇ ಅವರು ಹಿಡಿದದ್ದು ರೇಸಿಂಗ್ ಕಾರಿನ ಚಕ್ರ. ಮೊದಲು ಫಾರ್ಮುಲಾ ಬಿಎಂಡಬ್ಲ್ಯು, ಆಮೇಲೆ ಅಟ್ಲಾಂಟಿಕ್ ಚಾಂಪಿಯನ್‌ಶಿಪ್, ನಡುವೆ ಸಂಗೀತ ತಂಡದಲ್ಲಿ ಡ್ರಮ್ಸ್, ದೀರ್ಘ ವಿರಾಮದ ನಂತರ 2023ರಲ್ಲಿ ಆರ್ಕಾ ಸರಣಿಯ ಪೂರ್ಣ ಋತು, 2025ರಲ್ಲಿ ನ್ಯಾಸ್ಕಾರ್‌ನ ಟ್ರಕ್ ಸರಣಿ. ಪ್ರಸಿದ್ಧ ನಟನೊಬ್ಬನ ದುಬಾರಿ ಹವ್ಯಾಸವೆಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ನಲವತ್ತರ ಹತ್ತಿರ ಬಂದವರು ಕೆಳಹಂತದ ಸರಣಿಯಿಂದ ಆರಂಭಿಸಿ ಮೇಲೇರಲು ಪಡುವ ಶ್ರಮ ಹವ್ಯಾಸದ್ದಲ್ಲ. ತಮಗೆ ಕೆಟ್ಟ ಅನುಭವಗಳಾಗಲಿಲ್ಲ ಎನ್ನುವ ಮ್ಯೂನಿಜ್, ತಮ್ಮ ಮಗನನ್ನು ಮಾತ್ರ ಈ ವೃತ್ತಿಗೆ ಬಿಡುವುದಿಲ್ಲವೆಂದು ಸಂದರ್ಶನದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಸುತ್ತಲಿದ್ದ ಇತರ ಮಕ್ಕಳಿಗಾದುದನ್ನು ಅವರು ಕಂಡಿದ್ದರು. ಉದ್ಯಮದ ಒಳಗೆ ಚೆನ್ನಾಗಿಯೇ ಉಳಿದ ಒಬ್ಬರು ಕೊಡುವ ಈ ಸಾಕ್ಷ್ಯಕ್ಕೆ, ಹಾಳಾಗಿ ಹೋದವರ ಕಥೆಗಳಿಗಿಂತ ಹೆಚ್ಚು ತೂಕವಿದೆ.

ರೀಸ್ ಪಾತ್ರದ ಬರ್ಫೀಲ್ಡ್ ತೆರೆಯ ಮೇಲೆ ಅಣ್ಣನಾದರೂ ನಿಜದಲ್ಲಿ ಮ್ಯೂನಿಜ್‌ಗಿಂತ ಕೆಲವು ತಿಂಗಳು ಚಿಕ್ಕವರು. ‘ಮಾಲ್ಕಮ್’ಗೆ ಬರುವ ಮೊದಲೇ ‘ಅನ್‌ಹ್ಯಾಪಿಲಿ ಎವರ್ ಆಫ್ಟರ್’ ಎಂಬ ಇನ್ನೊಂದು ಹಾಸ್ಯ ಧಾರಾವಾಹಿಯಲ್ಲಿ 1995ರಿಂದ 1999ರವರೆಗೆ ದುಡಿದಿದ್ದರು. ಅಂದರೆ ಇಪ್ಪತ್ತು ತುಂಬುವ ವೇಳೆಗೆ ಅವರ ಅರ್ಧ ಬದುಕು ಕ್ಯಾಮೆರಾದ ಮುಂದೆ ಕಳೆದಿತ್ತು. ಅವರು ನಿರ್ಮಾಣಕ್ಕೆ ಹೋದರು. 2010ರಲ್ಲಿ ರಿಚರ್ಡ್ ಬ್ರಾನ್ಸನ್‌ರ ವರ್ಜಿನ್ ಸಮೂಹ ಆರಂಭಿಸಿದ ನಿರ್ಮಾಣ ಸಂಸ್ಥೆಯಲ್ಲಿ ಪ್ರಮುಖ ಹೊಣೆ ಹೊತ್ತರು. ಧಾರಾವಾಹಿ ಆರಂಭವಾದಾಗಲೇ ಹತ್ತೊಂಬತ್ತು ದಾಟಿದ್ದ ಮಾಸ್ಟರ್ಸನ್ ಕೂಡ ಕ್ರಮೇಣ ನಟನೆಯಿಂದ ದೂರ ಸರಿದರು.

ಎಲ್ಲರಿಗಿಂತ ಚಿಕ್ಕವರು ಸಲಿವನ್. 1991ರ ಜುಲೈನಲ್ಲಿ ಹುಟ್ಟಿದ ಅವರು ‘ಮಾಲ್ಕಮ್’ಗೆ ಮೊದಲೇ ‘ದಿ ಸೈಡರ್ ಹೌಸ್ ರೂಲ್ಸ್’ ಚಿತ್ರದಲ್ಲಿ ಅನಾಥ ಬಾಲಕನಾಗಿ ಕಾಣಿಸಿಕೊಂಡಿದ್ದರು. ಸಂಗೀತದ ಅಸಾಧಾರಣ ಪ್ರತಿಭೆಯುಳ್ಳ, ಮನೆಯಲ್ಲಿ ಯಾರೂ ಗಮನಿಸದ ಹುಡುಗನಾಗಿ ಡ್ಯೂಯಿ ಬೆಳೆಯುತ್ತ ಹೋದುದು ಕೊನೆಯ ಸರಣಿಗಳ ಅತ್ಯಂತ ಸೊಗಸಾದ ಎಳೆ. 2010ರ ನಂತರ ಸಲಿವನ್ ಯಾವ ಚಿತ್ರದಲ್ಲೂ ನಟಿಸಿಲ್ಲ. ಅವರು ಹಾರ್ವರ್ಡ್‌ನಲ್ಲಿ ಸಾಹಿತ್ಯದ ಉನ್ನತ ವ್ಯಾಸಂಗದಲ್ಲಿದ್ದಾರೆಂದೂ, ನಟನೆಗೆ ಮರಳುವ ಆಸಕ್ತಿ ಅವರಿಗಿಲ್ಲವೆಂದೂ ಅವರ ತೆರೆಯ ಮೇಲಿನ ತಂದೆತಾಯಿಗಳೇ ಹೇಳಿದ್ದಾರೆ, ಮತ್ತು ಪ್ರೀತಿಯಿಂದಲೇ ಹೇಳಿದ್ದಾರೆ. ಇದರಾಚೆಗೆ ಅವರ ಖಾಸಗಿ ಬದುಕನ್ನು ಕೆದಕುವ ಅಗತ್ಯ ನೋಡುಗರಿಗಿಲ್ಲ. ಎಂಟರ ವಯಸ್ಸಿನಲ್ಲಿ ಆರಂಭವಾದ ಕೆಲಸವೊಂದನ್ನು ದೊಡ್ಡವರಾದ ಮೇಲೆ ತಮ್ಮದಲ್ಲವೆಂದು ತೀರ್ಮಾನಿಸಿದ ಯುವಕರೊಬ್ಬರು ಓದಿನ ಕಡೆಗೆ ಹೋಗಿದ್ದಾರೆ. ಕ್ರಾನ್ಸ್ಟನ್‌ರ ಟೋನಿ ಪ್ರಶಸ್ತಿಯಷ್ಟೇ ಇದೂ ಒಳ್ಳೆಯ ಸುದ್ದಿ.

ಆ ತೀರ್ಮಾನಕ್ಕೆ ಅವರು ಪ್ರಾಯಕ್ಕೆ ಬರುವವರೆಗೆ ಏಕೆ ಕಾಯಬೇಕಾಗಿತ್ತೆಂಬುದನ್ನು ಅರಿಯಲು ಕಾನೂನಿನತ್ತ ನೋಡಬೇಕು. ಅಮೆರಿಕದ ಕೇಂದ್ರ ಸರ್ಕಾರದ 1938ರ ಕಾರ್ಮಿಕ ಕಾಯಿದೆ ಬಾಲಕಾರ್ಮಿಕ ಪದ್ಧತಿಗೆ ಕಡಿವಾಣ ಹಾಕಿದಾಗ ಬಾಲನಟರನ್ನು ಅದರಿಂದ ಹೊರಗಿಟ್ಟಿತು. ಹೀಗಾಗಿ ರಕ್ಷಣೆ ಕೊಡುವುದೋ ಬಿಡುವುದೋ ಆಯಾ ರಾಜ್ಯಗಳಿಗೆ ಬಿಟ್ಟ ವಿಷಯವಾಯಿತು. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾ ಮುಂದಾಳಾಯಿತು, ಅದೂ ಒಂದು ಹಗರಣದ ನಂತರ. ಚಾಪ್ಲಿನ್‌ರ 1921ರ ‘ದಿ ಕಿಡ್’ ಚಿತ್ರದಿಂದ ಜಗತ್ಪ್ರಸಿದ್ಧನಾದ ಬಾಲನಟ ಜ್ಯಾಕಿ ಕೂಗನ್ ಇಪ್ಪತ್ತೊಂದು ತುಂಬಿ ತನ್ನ ಗಳಿಕೆಯನ್ನು ಕೇಳಿದಾಗ, ಲಕ್ಷಾಂತರ ಡಾಲರ್‌ಗಳಲ್ಲಿ ಹೆಚ್ಚಿನ ಪಾಲನ್ನು ತಾಯಿ ಮತ್ತು ಮಲತಂದೆ ಖರ್ಚು ಮಾಡಿಬಿಟ್ಟಿದ್ದರು. ಮಗುವಿನ ದುಡಿಮೆ ಕಾನೂನಿನ ಪ್ರಕಾರ ತಂದೆತಾಯಿಗಳದೇ ಆಗಿದ್ದ ಕಾಲ ಅದು. 1938ರಲ್ಲಿ ಅವರು ಮೊಕದ್ದಮೆ ಹೂಡಿದರು, ಸಿಕ್ಕಿದ್ದು ಅಲ್ಪ. ಮರುವರ್ಷ ಅವರ ಹೆಸರಿನಲ್ಲೇ ಕರೆಯಲಾಗುವ ಕೂಗನ್ ಕಾಯಿದೆ ಬಂತು. ಅದರಲ್ಲೂ ತೂತುಗಳಿದ್ದವು: ನ್ಯಾಯಾಲಯದ ಒಪ್ಪಿಗೆ ಪಡೆದ ಒಪ್ಪಂದಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. ‘ಡಿಫರೆಂಟ್ ಸ್ಟ್ರೋಕ್ಸ್’ ಎಂಬ 1978ರ ಹಾಸ್ಯ ಧಾರಾವಾಹಿಯ ಮುದ್ದು ಮುಖವಾಗಿದ್ದ ಗ್ಯಾರಿ ಕೋಲ್ಮನ್ ಕೂಡ 1989ರಲ್ಲಿ ತಮ್ಮ ತಂದೆತಾಯಿಗಳ ಮೇಲೆಯೇ ಮೊಕದ್ದಮೆ ಹೂಡಬೇಕಾಯಿತು. ಸ್ವತಃ ಬಾಲನಟರಾಗಿದ್ದ ಪಾಲ್ ಪೀಟರ್ಸನ್ 1990ರಲ್ಲಿ ‘ಎ ಮೈನರ್ ಕನ್ಸಿಡರೇಶನ್’ ಎಂಬ ಸಂಸ್ಥೆ ಕಟ್ಟಿ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕಾಯಿದೆ ತಿದ್ದುಪಡಿಯಾಗಿ 2000ದ ಜನವರಿ 1ರಿಂದ ಜಾರಿಗೆ ಬಂತು. ‘ಮಾಲ್ಕಮ್’ನ ಮೊದಲ ಸಂಚಿಕೆ ಪ್ರಸಾರವಾಗುವುದಕ್ಕೆ ಎಂಟು ದಿನ ಮೊದಲು.

ಹೊಸ ಕಾಯಿದೆ ಎರಡು ಮುಖ್ಯ ಕೆಲಸ ಮಾಡಿತು. ಮಗುವಿನ ಗಳಿಕೆ ಮಗುವಿನದೇ ಆಸ್ತಿ ಎಂದು ಘೋಷಿಸಿತು, ಮತ್ತು ಒಟ್ಟು ಸಂಭಾವನೆಯ ಶೇಕಡ 15ನ್ನು ಹದಿನೆಂಟು ತುಂಬುವವರೆಗೆ ಮುಟ್ಟಲಾಗದ ಟ್ರಸ್ಟ್ ಖಾತೆಗೆ ಹಾಕುವುದನ್ನು ಕಡ್ಡಾಯಗೊಳಿಸಿತು. ದುಡಿಮೆಯ ಅವಧಿಗೂ ಮಿತಿಯಿದೆ: ಆರರಿಂದ ಒಂಬತ್ತರೊಳಗಿನ ಮಗು ಸೆಟ್‌ನಲ್ಲಿ ಎಂಟು ಗಂಟೆ ಇರಬಹುದು, ಅದರಲ್ಲಿ ನಾಲ್ಕು ಗಂಟೆ ಕೆಲಸ, ಮೂರು ಗಂಟೆ ಪಾಠ, ಒಂದು ಗಂಟೆ ವಿಶ್ರಾಂತಿ. ಒಂಬತ್ತರಿಂದ ಹದಿನಾರರವರೆಗೆ ಕೆಲಸ ಐದು ಗಂಟೆ. ಪಾಠ ಹೇಳಲು ಮತ್ತು ಮಗುವಿನ ಹಿತ ಕಾಯಲು ಸ್ಟುಡಿಯೋ ಶಿಕ್ಷಕರಿರಬೇಕು. ಈ ವ್ಯವಸ್ಥೆ ಚೆನ್ನಾಗಿದೆ, ಇದು ಇಲ್ಲದಿದ್ದ ಕಾಲದ ಮಕ್ಕಳಿಗಾದ ಗತಿಯನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಆದರೆ ಇದು ಕಾಪಾಡುವುದು ಹಣವನ್ನು ಮತ್ತು ಗಂಟೆಗಳನ್ನು. ಮಗುವಿನ ಇಚ್ಛೆಯನ್ನು ಇದು ಕಾಪಾಡುವುದಿಲ್ಲ. ಸಾಮಾನ್ಯವಾಗಿ ಅಪ್ರಾಪ್ತ ವಯಸ್ಕರು ಮಾಡಿಕೊಂಡ ಒಪ್ಪಂದವನ್ನು ಅವರು ರದ್ದುಪಡಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ನಿರ್ಮಾಪಕರು ಅದೇ ಒಪ್ಪಂದಕ್ಕೆ ನ್ಯಾಯಾಲಯದ ಅನುಮೋದನೆ ಪಡೆದುಬಿಟ್ಟರೆ, ‘ನಾನು ಆಗ ಚಿಕ್ಕವನಾಗಿದ್ದೆ’ ಎಂಬ ಕಾರಣ ಕೊಟ್ಟು ಮಗು ಹೊರಬರಲಾಗದು. ಟೆಲಿವಿಷನ್ ಒಪ್ಪಂದಗಳು ಹಲವು ವರ್ಷಗಳಿಗೆ ಕಟ್ಟಿಹಾಕುವಂಥವು, ಮುಂದುವರಿಸುವ ಆಯ್ಕೆ ನಿರ್ಮಾಣ ಸಂಸ್ಥೆಯ ಕೈಯಲ್ಲಿರುತ್ತದೆ. ಎಂಟರ ಮಗುವಿನ ಪರವಾಗಿ ಹಿರಿಯರು ಹಾಕಿದ ಸಹಿ ಹದಿನಾಲ್ಕರ ಹುಡುಗನನ್ನೂ ಬಂಧಿಸುತ್ತದೆ. ನ್ಯಾಯಾಧೀಶರು ಹಣದ ವ್ಯವಸ್ಥೆ ಸರಿಯಿದೆಯೇ ಎಂದು ನೋಡುತ್ತಾರೆ; ಪ್ರತಿ ಸರಣಿಯ ಆರಂಭದಲ್ಲಿ ಮಗುವನ್ನು ಒಬ್ಬಂಟಿಯಾಗಿ ಕರೆದು ‘ನಿನಗೆ ಇದು ಇನ್ನೂ ಬೇಕೇ’ ಎಂದು ಕೇಳುವ ಕ್ರಮ ಈ ಕಾಯಿದೆಯಲ್ಲಿಲ್ಲ.

ಮಗು ಮತ್ತಷ್ಟು ಚಿಕ್ಕದಾದರೆ ಕೇಳುವ ಮಾತೇ ಇಲ್ಲ. 1987ರಿಂದ 1995ರವರೆಗೆ ನಡೆದ ‘ಫುಲ್ ಹೌಸ್’ನಲ್ಲಿ ಮಿಷೆಲ್ ಎಂಬ ಒಂದೇ ಪಾತ್ರವನ್ನು ಮೇರಿ-ಕೇಟ್ ಮತ್ತು ಆಶ್ಲಿ ಓಲ್ಸನ್ ಎಂಬ ಅವಳಿಗಳು ಹಂಚಿಕೊಂಡದ್ದು ಹಸುಗೂಸುಗಳ ಕೆಲಸದ ಅವಧಿಗೆ ಕಾನೂನು ಹಾಕಿದ ಮಿತಿಯಿಂದಾಗಿ, ಒಂದು ಮಗು ದಣಿದರೆ ಇನ್ನೊಂದು. ಆ ಧಾರಾವಾಹಿಯೂ 2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಫುಲ್ಲರ್ ಹೌಸ್’ ಆಗಿ ಮರಳಿ 75 ಸಂಚಿಕೆ ನಡೆಯಿತು. ಅಷ್ಟರಲ್ಲಿ ಉಡುಪು ವಿನ್ಯಾಸದಲ್ಲಿ ತಮ್ಮದೇ ಸಂಸ್ಥೆ ಕಟ್ಟಿ ಗೌರವ ಗಳಿಸಿದ್ದ ಓಲ್ಸನ್ ಸೋದರಿಯರು ಮರಳಲಿಲ್ಲ. ಸಲಿವನ್‌ರ ನಿರಾಕರಣೆಯೊಂದಿಗೆ ಇದನ್ನು ಸೇರಿಸಿ ನೋಡಿದರೆ ಒಂದು ವಿನ್ಯಾಸ ಕಾಣುತ್ತದೆ: ಎರಡೂ ಮನೆಗಳಲ್ಲಿ ಅತಿ ಎಳೆಯ ವಯಸ್ಸಿನಲ್ಲಿ ಸೆಟ್‌ಗೆ ಬಂದವರೇ ಹಿಂದಿರುಗದವರು. ಎರಡು ಉದಾಹರಣೆಗಳಿಂದ ನಿಯಮ ಮಾಡಲಾಗದು, ಆದರೂ ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಹದಿಮೂರರ ಹುಡುಗನಿಗೆ ತಾನು ನಟನಾಗುತ್ತಿದ್ದೇನೆಂಬ ಅರಿವಿರುತ್ತದೆ, ಆ ನೆನಪು ಅವನದೇ. ಮಾತು ಕಲಿಯುವ ಮೊದಲು ಅಥವಾ ಅಕ್ಷರ ಕಲಿಯುವ ಹೊತ್ತಿಗೆ ಬಂದ ಮಗುವಿಗೆ ಆ ಪಾತ್ರ ಬೇರೆಯವರು ತೊಡಿಸಿದ ಅಂಗಿ. ಬೆಳೆದ ಮೇಲೆ ಅದನ್ನು ಮತ್ತೆ ತೊಡು ಎನ್ನುವುದು ನ್ಯಾಯವಲ್ಲ.

ಇನ್ನು ಉದ್ಯಮದ ಹಣಕಾಸಿನ ವಿಷಯ. ಹಳೆಯ 151 ಸಂಚಿಕೆಗಳ ಎದುರು ಹೊಸ 4 ಎಂಬ ವ್ಯತ್ಯಾಸ ಬರಿಯ ನಾಸ್ಟಾಲ್ಜಿಯಾದ ಅಳತೆಯಲ್ಲ. ಹಳೆಯ ವ್ಯವಸ್ಥೆಯಲ್ಲಿ ಧಾರಾವಾಹಿ ಸುಮಾರು ನೂರು ಸಂಚಿಕೆ ಮುಟ್ಟಿದರೆ ಅದನ್ನು ಸ್ಥಳೀಯ ವಾಹಿನಿಗಳಿಗೆ ದಿನವಹಿ ಮರುಪ್ರಸಾರಕ್ಕೆ ಮಾರಬಹುದಿತ್ತು, ಪ್ರತಿ ಮರುಪ್ರಸಾರಕ್ಕೂ ನಟರಿಗೆ ಒಂದು ಪಾಲು ಬರುತ್ತಿತ್ತು. ರೆಸಿಡ್ಯುಯಲ್ ಎನ್ನುವ ಇಂತಹ ಪಾಲಿಗಾಗಿ 1960ರಲ್ಲಿ, ರೊನಾಲ್ಡ್ ರೇಗನ್ ನಟರ ಸಂಘದ ಅಧ್ಯಕ್ಷರಾಗಿದ್ದಾಗ, ಒಂದು ಮುಷ್ಕರವೂ ನಡೆದಿತ್ತು. ಚಿಕ್ಕ ವಯಸ್ಸಿನಲ್ಲಿ ದುಡಿದು ಆಮೇಲೆ ಬೇರೆ ದಾರಿ ಹಿಡಿದವರಿಗೆ ಈ ಪಾಲು ಬಹಳ ಮುಖ್ಯ. ಓದಲು, ಹೊಸ ಕಸುಬು ಕಲಿಯಲು, ‘ಬೇಡ’ ಎನ್ನಲು ಅದು ಬಲ ಕೊಡುತ್ತದೆ. ಒಟಿಟಿ ವೇದಿಕೆಗಳು ಬಂದ ಮೇಲೆ ಸರಣಿಗಳು ಎಂಟು, ಆರು, ನಾಲ್ಕು ಸಂಚಿಕೆಗೆ ಇಳಿದವು. ಎಷ್ಟು ಜನ ನೋಡಿದರೂ ನಟರಿಗೆ ಬರುವ ಪಾಲು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. 2023ರ ಜುಲೈ 14ರಿಂದ ನವೆಂಬರ್ 9ರವರೆಗೆ 118 ದಿನ ನಡೆದ ನಟರ ಮುಷ್ಕರದ ಒಂದು ಮುಖ್ಯ ಕಾರಣ ಇದೇ ಆಗಿತ್ತು. ಕೊನೆಗಾದ ಒಪ್ಪಂದದಲ್ಲಿ, ಬಿಡುಗಡೆಯಾದ ಮೊದಲ 90 ದಿನಗಳಲ್ಲಿ ದೇಶದ ಚಂದಾದಾರರ ಶೇಕಡ 20ರಷ್ಟು ವೀಕ್ಷಣೆ ಗಳಿಸಿದ ಸರಣಿಗಳಿಗೆ ಹೆಚ್ಚುವರಿ ಪಾಲು ಕೊಡಲು ಕಂಪನಿಗಳು ಒಪ್ಪಿದವು. ಅಷ್ಟು ಎತ್ತರ ಮುಟ್ಟುವ ಸರಣಿಗಳು ಕೆಲವೇ.

ಕಿರು ಸರಣಿಗಳಿಂದ ಮಕ್ಕಳಿಗೆ ಒಂದು ಲಾಭವೂ ಇದೆಯೆಂಬುದನ್ನು ಒಪ್ಪಬೇಕು. ಮರಳಿ ಬಂದ ‘ಮಾಲ್ಕಮ್’ನಲ್ಲಿ ಮಾಲ್ಕಮ್‌ನ ಮಗಳು ಲೀಯಾ ಪಾತ್ರದ ಕೀಲಿ ಕಾರ್ಸ್ಟನ್‌ಗೆ ಏಳು ವರ್ಷಗಳ ಬಾಲ್ಯವನ್ನು ಒತ್ತೆಯಿಡುವ ಪ್ರಸಂಗ ಬರಲಿಲ್ಲ. ಆದರೆ ಕ್ರಾನ್ಸ್ಟನ್ ಪಡೆದಂತಹ ದೀರ್ಘ ತರಬೇತಿಯೂ, ಬರ್ಫೀಲ್ಡ್ ಪಡೆದಂತಹ ನಿರ್ಮಾಣದ ಒಳನೋಟವೂ, ವರ್ಷಗಟ್ಟಲೆ ಬರುವ ಮರುಪ್ರಸಾರದ ಪಾಲೂ ಈ ಹೊಸ ಮಕ್ಕಳಿಗೆ ಸಿಗುವುದಿಲ್ಲ. ಹೊಸ ಸರಣಿಯ ಚಿತ್ರೀಕರಣ ನಡೆದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನಿಯಮದಂತೆ, ಬಾಲನಟರ ಗಳಿಕೆ ಎರಡು ಸಾವಿರ ಡಾಲರ್ ದಾಟಿದರೆ ಮೇಲಿನ ಮೊತ್ತದ ಶೇಕಡ 25 ಸರ್ಕಾರಿ ಪೋಷಕ ಅಧಿಕಾರಿಯ ಬಳಿ ಠೇವಣಿಯಾಗಬೇಕು. ಕ್ಯಾಲಿಫೋರ್ನಿಯಾದ ಶೇಕಡ 15 ಮಾತ್ರ 2000ದಿಂದ ಹಾಗೆಯೇ ನಿಂತಿದೆ. 2024ರ ಸೆಪ್ಟೆಂಬರ್‌ನಲ್ಲಿ ಆ ರಾಜ್ಯ, ತಂದೆತಾಯಿಗಳು ಅಂತರ್ಜಾಲದಲ್ಲಿ ಹಾಕುವ ವಿಡಿಯೊಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳಿಗೂ ಗಳಿಕೆಯ ರಕ್ಷಣೆಯನ್ನು ವಿಸ್ತರಿಸಿತು. ಇಲಿನಾಯ್ ರಾಜ್ಯ ಅದಕ್ಕೂ ಮೊದಲೇ ಇಂತಹ ಕಾಯಿದೆಯನ್ನು ಜಾರಿಗೆ ತಂದಿತ್ತು. ರಕ್ಷಣೆಯ ವ್ಯಾಪ್ತಿ ಬೆಳೆಯಿತು, ಅದರ ಆಳ ಬೆಳೆಯಲಿಲ್ಲ.

ಕನ್ನಡದ ಧಾರಾವಾಹಿ ಮತ್ತು ರಿಯಾಲಿಟಿ ಷೋಗಳಲ್ಲಿ ದುಡಿಯುವ ಮಕ್ಕಳಿಗೂ ಇಂತಹ ಕಾನೂನು ಇದೆ, ಅದು ಹೆಚ್ಚಿನ ನೋಡುಗರಿಗೆ ತಿಳಿದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಬಾಲ ಕಲಾವಿದರಿಗೆ ಅವಕಾಶ ಕೊಟ್ಟಿತು, 2017ರ ನಿಯಮಗಳು ಷರತ್ತುಗಳನ್ನು ಹಾಕಿದವು: ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲದ ಕೆಲಸ, ವಿರಾಮವಿಲ್ಲದೆ ಮೂರು ಗಂಟೆ ಮೀರದ ದುಡಿಮೆ, ಸತತ 27 ದಿನಕ್ಕಿಂತ ಹೆಚ್ಚು ಕೆಲಸವಿಲ್ಲ, ಐದು ಮಕ್ಕಳಿಗೆ ಒಬ್ಬ ಹೊಣೆಗಾರ, ಗಳಿಕೆಯ ಕನಿಷ್ಠ ಶೇಕಡ 20 ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿ. ಕಾಗದದ ಮೇಲೆ ಇದು ಕ್ಯಾಲಿಫೋರ್ನಿಯಾಕ್ಕಿಂತ ಉದಾರವಾಗಿದೆ. ಅಷ್ಟೇ ಅಲ್ಲ, ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ಯಾವುದೇ ಕಾರ್ಯಕ್ರಮದಲ್ಲಿ ಭಾಗವಹಿಸುವಂತೆ ಮಾಡಕೂಡದು ಎಂದೂ ಆ ನಿಯಮ ಹೇಳುತ್ತದೆ. ಹಾಲಿವುಡ್‌ನ ಕಾಯಿದೆಯಲ್ಲಿ ಕಾಣದ ಮಾತು ಇಲ್ಲಿದೆ. ಆ ಇಚ್ಛೆಯನ್ನು ಯಾರು, ಯಾವಾಗ, ತಂದೆತಾಯಿಗಳ ಸಮ್ಮುಖದಲ್ಲೋ ಅವರಿಲ್ಲದೆಯೋ ಕೇಳಬೇಕೆಂಬುದನ್ನು ಮಾತ್ರ ಅದು ಬಿಡಿಸಿ ಹೇಳುವುದಿಲ್ಲ. ಮುಂದಿನ ತಿದ್ದುಪಡಿಯಲ್ಲಿ ಮೊದಲು ಸೇರಬೇಕಾದದ್ದು ಅದು.